ಮಾತಿಗೆ ಮೊದಲು ಕಿವಿ

(ಮಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಒಬ್ಬ ಪ್ರಾಥಮಿಕ ಶಾಲಾ ಅಧ್ಯಾಪಿಕೆಯ ನೆನಪಿನದು. ಹಾಗಾಗಿ ವಿಷಯ ಆರಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಆಡಿಯಾಲಜಿಸ್ಟ್. ಆದರೆ ಊರಿನಲ್ಲಿ ನನ್ನ ಹೆಸರು ‘ಸ್ಪೀಚ್ ಥೆರಪಿ ಮೇಡಂ’. ಈ ಉದ್ಯೋಗದಲ್ಲಿ ಅರ್ಧಕ್ಕೂ ಹೆಚ್ಚು ಕೆಲಸ ಕಿವಿಯದ್ದು ಎಂಬುದು ಬಂಧುಗಳಿಗೂ ಗೊತ್ತಿಲ್ಲ. ಜನ ಮಾತು ಬೇಕೆಂದು ಬರುತ್ತಾರೆ, ನಾವು ಮಗುವನ್ನು ಕಿವಿ ಪರೀಕ್ಷೆಯ ಕೋಣೆಗೆ ಕರೆಯುತ್ತೇವೆ. ಚರ್ಚೆ ಅಲ್ಲೇ ಶುರುವಾಗುತ್ತದೆ.

“ಮೇಡಂ, ಇವನಿಗೆ ಕಿವಿ ಭಾರಿ ಚುರುಕು. ಅಪ್ಪನ ಬೈಕು ಗೇಟಿನ ಹತ್ತಿರ ಬಂದ್ರೆ ಸಾಕು, ಓಡ್ತಾನೆ. ಮಾತು ಮಾತ್ರ ಬರುದಿಲ್ಲ. ನೀವು ಎಂತಕ್ಕೆ ಕಿವಿ ನೋಡುದು?” ಅಂತ ಅಜ್ಜಿ ಕೇಳುತ್ತಾರೆ. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಹುಡುಗ ನಿಜವಾಗಿಯೂ ಓಡುತ್ತಾನೆ. ಹಿಂದಿನಿಂದ ಸ್ಟೀಲಿನ ತಟ್ಟೆ ಬಡಿದರೆ ತಿರುಗುತ್ತಾನೆ, ಪಟಾಕಿಗೆ ಬೆಚ್ಚುತ್ತಾನೆ. ಮನೆಯವರು ತಮಗೆ ತಿಳಿದ ಪರೀಕ್ಷೆಯನ್ನೆಲ್ಲ ಮಾಡಿ ಮುಗಿಸಿದ್ದಾರೆ, ಅವರ ಲೆಕ್ಕದಲ್ಲಿ ಮಗು ಪಾಸಾಗಿದೆ.

ಆದರೆ ಬೈಕು, ತಟ್ಟೆ, ಪಟಾಕಿ ಎಲ್ಲವೂ ಜೋರಿನ ಸದ್ದುಗಳು. ಬೈಕಿನ ಗುಡುಗುಡು ತಗ್ಗಿದ ಕಂಪನದ್ದು, ನೆಲದಲ್ಲೂ ಗಾಳಿಯಲ್ಲೂ ನಡುಗುತ್ತದೆ. ಮಾತಿನಲ್ಲಿ ‘ಆ’, ‘ಊ’ ಮುಂತಾದ ಸ್ವರಗಳು ದೊಡ್ಡ ದನಿಯವು, ಬಹುಮಟ್ಟಿಗೆ ಕೆಳಗಿನ ಕಂಪನದವು. ‘ಸ’, ‘ಶ’, ‘ಫ’ ಹಾಗಲ್ಲ. ಅವುಗಳ ಬಲವೆಲ್ಲ ಮೇಲಿನ ಕಂಪನದಲ್ಲಿದೆ. ‘ಸ’ ಅಂತೂ 4000 ಹರ್ಟ್ಸ್ ಮೀರಿದ ಕಡೆ ಇರುತ್ತದೆ, ದನಿಯೂ ಮೆಲ್ಲಗಿನದು. ಮೇಲಿನ ಕಂಪನಗಳಷ್ಟೇ ಕೇಳಿಸದ ಮಗುವಿಗೆ ಅಮ್ಮನ ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಕರೆದರೆ ಒಮ್ಮೊಮ್ಮೆ ತಿರುಗುತ್ತದೆ, ಒಮ್ಮೊಮ್ಮೆ ಇಲ್ಲ. ‘ಬೇಕೆಂದೇ ಮಾಡ್ತಾನೆ, ಭಾರಿ ಹಟ’ ಎನ್ನುವ ಬಿರುದು ಅದಕ್ಕೆ ಸಿಗುವುದು ಹೀಗೆ.

ನಮ್ಮ ಭಾಷೆಗಳ ರಚನೆಯನ್ನೂ ಇಲ್ಲಿ ನೋಡಬೇಕು. ಕನ್ನಡದಲ್ಲಿ ಮುಖ್ಯವಾದದ್ದೆಲ್ಲ ಪದದ ಬಾಲದಲ್ಲಿ ಬರುತ್ತದೆ. ಅಂಗಡಿಗೆ, ಅಂಗಡಿಯಿಂದ, ಅಂಗಡಿಯಲ್ಲಿ. ಬರುತ್ತಾನೆ, ಬರುತ್ತಾಳೆ, ಬರುವುದಿಲ್ಲ. ತುಳುವಿನಲ್ಲೂ ಹೀಗೆಯೇ. ಮಾತಾಡುವಾಗ ನಮ್ಮ ದನಿ ಇಳಿಯುವುದೂ ಆ ಬಾಲದಲ್ಲೇ. ಅಲ್ಪ ಶ್ರವಣ ನಷ್ಟವಿರುವ ಮಗುವಿಗೆ ‘ಅಂಗಡಿ’ ಸಿಗುತ್ತದೆ, ‘ಗೆ’ಯೋ ‘ಯಿಂದ’ವೋ ಸಿಗುವುದಿಲ್ಲ. ‘ಹೋಗಬೇಡ’ದಲ್ಲಿ ‘ಹೋಗ’ ಎಂಬಷ್ಟು ಕೇಳಿದ ಮಗು ಹೋಗಿಯೇ ಬಿಡುತ್ತದೆ, ಪೆಟ್ಟು ತಿನ್ನುತ್ತದೆ. ಅದರ ಮಾತಿನಲ್ಲಿ ವಿಭಕ್ತಿ ಪ್ರತ್ಯಯಗಳು ಇಲ್ಲವೆಂದು ನಾವು ‘ಭಾಷಾ ದೋಷ’ ಎಂದು ಬರೆದು ಥೆರಪಿ ಶುರು ಮಾಡಿದರೆ, ಮಗು ಕೇಳಿಯೇ ಇರದ ಪಾಠವನ್ನು ಒಪ್ಪಿಸು ಎಂದು ಕೂರಿಸಿದಂತಾಗುತ್ತದೆ.

ನನ್ನ ವಾದ ಇಷ್ಟೇ: ಮಾತು ತಡವಾದ, ಮಾತು ಅಸ್ಪಷ್ಟವಾದ, ಬಂದ ಮಾತು ನಿಂತುಹೋದ ಪ್ರತಿ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಲೇಬೇಕು. ಬೇರೆ ಕಾರಣ ಎಷ್ಟೇ ಸ್ಪಷ್ಟವಾಗಿ ಕಂಡರೂ, ಮಗುವಿಗೆ ಕೇಳುತ್ತದೆ ಎಂದು ಅಜ್ಜಿಯಲ್ಲ, ಡಾಕ್ಟರೇ ಹೇಳಿದರೂ.

ಮಂಗಳೂರಿನಲ್ಲಿ ಈ ಮಾತನ್ನು ಒತ್ತಿ ಹೇಳಲು ಒಂದು ವಿಶೇಷ ಕಾರಣವಿದೆ. ನಮ್ಮಲ್ಲಿ ತಡವಾದ ಮಾತಿಗೆ ಸಮಜಾಯಿಷಿ ಬಹಳ ಸುಲಭಕ್ಕೆ ಸಿಗುತ್ತದೆ. ಅಮ್ಮನ ಕಡೆ ತುಳು, ನೆರೆಮನೆಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಅಂಗನವಾಡಿಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷು. ‘ಇಷ್ಟು ಭಾಷೆ ಇದ್ರೆ ಮಗು ಕನ್‌ಫ್ಯೂಸ್ ಆಗದೆ ಇರ್ತದಾ?’ ಆಗುವುದಿಲ್ಲ. ಈ ಕರಾವಳಿಯಲ್ಲಿ ತಲೆಮಾರುಗಳಿಂದ ಮಕ್ಕಳು ಮೂರು ನಾಲ್ಕು ಭಾಷೆಗಳ ನಡುವೆಯೇ ಬೆಳೆದಿದ್ದಾರೆ, ಸಂತೆಯಲ್ಲಿ ಚೌಕಾಸಿಯನ್ನೂ ಮಾಡಿದ್ದಾರೆ. ಎರಡು ಭಾಷೆಗಳಲ್ಲಿ ಬೆಳೆಯುವ ಮಗುವಿನ ಪದಗಳು ಎರಡು ಕಡೆ ಹಂಚಿಹೋಗಿರುತ್ತವೆ. ಎರಡನ್ನೂ ಕೂಡಿಸಿ ಎಣಿಸಿದರೆ ಒಂದೇ ಭಾಷೆಯ ಮಗುವಿಗೆ ಸರಿಸಮವಾಗಿ ನಿಲ್ಲುತ್ತದೆ. ಭಾಷೆಗಳು ಹೆಚ್ಚಾದವೆಂದು ಮಾತು ಬಾರದೆ ಹೋಗುವುದಿಲ್ಲ. ಆದರೂ ‘ಮನೆಯಲ್ಲಿ ತುಳು ಬಿಡಿ, ಒಂದೇ ಭಾಷೆ ಮಾತಾಡಿ’ ಎಂಬ ಸಲಹೆ ಇಂದಿಗೂ ಚೀಟಿಯಲ್ಲಿ ಬರೆದು ಬರುತ್ತದೆ. ಅದರ ಪರಿಣಾಮ ಎರಡು: ಅಜ್ಜಿಗೂ ಮಗುವಿಗೂ ನಡುವೆ ಇದ್ದ ಮಾತೂ ನಿಂತಿತು, ಕಿವಿ ನೋಡದೆ ಆರು ತಿಂಗಳು ಕಳೆಯಿತು.

ಉಳಿದ ಸಮಜಾಯಿಷಿಗಳು ನಿಮಗೆಲ್ಲ ಗೊತ್ತು. ಗಂಡುಮಕ್ಕಳಿಗೆ ಮಾತು ತಡ. ಅಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು. ನಾಲಿಗೆಯ ದಾರ ಅಂಟಿದೆ, ಕತ್ತರಿಸಿದರೆ ಸರಿಹೋದೀತು. ನಾಲಿಗೆಗೆ ಬಜೆ ತೇಯ್ದು ತಿಕ್ಕಿದ್ದೇವೆ, ಸೌತಡ್ಕದ ದೇವಸ್ಥಾನಕ್ಕೆ ಹೋಗಿ ಗಂಟೆ ಕಟ್ಟಿ ಬಂದಿದ್ದೇವೆ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ನಂಬಿಕೆ ತಾಯಿಗೆ ಬಲ ಕೊಡುತ್ತದೆ. ನನ್ನ ತಕರಾರು ಕಾಯುವುದರ ಬಗ್ಗೆ ಮಾತ್ರ. ಹುಟ್ಟುಕಿವುಡಾದ ಕೂಸು ಕೂಡ ಮೂರು ನಾಲ್ಕು ತಿಂಗಳಲ್ಲಿ ‘ಊಂ, ಆಂ’ ಎಂದು ದನಿ ಮಾಡುತ್ತದೆ. ಮನೆಯವರು ನಿಶ್ಚಿಂತರಾಗುವುದು ಆಗಲೇ. ‘ಬಬಬ, ಮಮಮ’ ಎಂದು ವ್ಯಂಜನ ಸೇರಿಸಿ ತೊದಲಬೇಕಾದ್ದು ಅದಾದ ಮೇಲೆ, ಆರರಿಂದ ಹತ್ತು ತಿಂಗಳ ನಡುವೆ. ಕೇಳಿಸದ ಕೂಸು ಆ ಹಂತದಲ್ಲಿ ಹಿಂದೆ ಬೀಳುತ್ತದೆ. ಅದನ್ನು ಗಮನಿಸುವ ಮನೆ ಬಹಳ ಕಡಿಮೆ.

ಪರೀಕ್ಷೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಹೆದರಿಕೆ ಹುಟ್ಟುವುದು ಅಲ್ಲೇ. ‘ಇಷ್ಟು ಸಣ್ಣ ಮಗು ಹೇಗೆ ಹೇಳ್ತದೆ, ಕೇಳ್ತದೋ ಇಲ್ವೋ ಅಂತ?’ ಎಂದು ಕೇಳುತ್ತಾರೆ. ಹೇಳಬೇಕಾಗಿಲ್ಲ. ಒಂದು ವರ್ಷದ ಮಗುವನ್ನು ಸದ್ದು ಹೊಗದ ಕೋಣೆಯಲ್ಲಿ ಅಮ್ಮನ ಮಡಿಲಲ್ಲಿ ಕೂರಿಸುತ್ತೇವೆ. ಎಡಕ್ಕೊಂದು, ಬಲಕ್ಕೊಂದು ಸ್ಪೀಕರು. ಅದರ ಪಕ್ಕದಲ್ಲಿ ಕಪ್ಪು ಗಾಜಿನ ಪೆಟ್ಟಿಗೆ. ಸದ್ದು ಬಂದು ಮಗು ಆ ಕಡೆ ತಿರುಗಿದರೆ ಪೆಟ್ಟಿಗೆಯೊಳಗೆ ದೀಪ ಹತ್ತಿ ಕೋತಿ ಡೋಲು ಬಡಿಯುತ್ತದೆ. ಎರಡು ಸಲಕ್ಕೆ ಮಗು ಆಟ ಕಲಿತುಬಿಡುತ್ತದೆ. ಆಮೇಲೆ ನಾವು ಸದ್ದನ್ನು ಇಳಿಸುತ್ತ ಹೋಗುತ್ತೇವೆ, ಎಲ್ಲಿಯವರೆಗೆ ಕೋತಿಯ ಆಸೆಯಿಂದ ತಿರುಗುತ್ತದೆ ಎಂದು ನೋಡುತ್ತೇವೆ. ಅಮ್ಮನಿಗೆ ಒಂದೇ ಸೂಚನೆ: ಅಲ್ಲಾಡಬೇಡಿ, ಮಗುವಿನ ಸೊಂಟ ಹಿಂಡಿ ಸನ್ನೆ ಮಾಡಬೇಡಿ. ಮಾಡಿಯೇ ಮಾಡುತ್ತಾರೆ, ಪಾಪ. ಮಗು ಫೇಲಾಗಬಾರದಲ್ಲ! ಮೂರು ವರ್ಷ ದಾಟಿದವರಿಗೆ ಇನ್ನೂ ಸುಲಭ, ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಗೋಲಿ ಹಾಕಬೇಕು.

ಬೇರಾ ಟೆಸ್ಟಿನ ಕಷ್ಟ ಬೇರೆಯದು. ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಯಲ್ಲಿ ಟಕಟಕ ಸದ್ದು ಕೊಟ್ಟು, ನರ ಅದಕ್ಕೆ ಹೇಗೆ ಉತ್ತರಿಸುತ್ತದೆ ಎಂದು ಅಳೆಯುವುದು. ಮಗು ಅಲ್ಲಾಡದೆ ಮಲಗಿರಬೇಕು. ‘ರಾತ್ರಿ ತಡ ಮಾಡಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಇಲ್ಲಿ ಬಂದು ನಿದ್ದೆ ಮಾಡಲಿ’ ಎಂದು ಹೇಳಿ ಕಳುಹಿಸುತ್ತೇವೆ. ಪುತ್ತೂರಿನಿಂದಲೋ ಬೆಳ್ತಂಗಡಿಯಿಂದಲೋ ಹೊರಟ ಮಗು ಬಿ.ಸಿ. ರೋಡು ದಾಟುವುದರೊಳಗೆ ಬಸ್ಸಿನಲ್ಲಿ ಗಾಢ ನಿದ್ದೆ. ಇಳಿಯುವಾಗ ಕಣ್ಣು ಅರಳಿಸಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಓಟ. ನಿದ್ದೆಯ ಸಿರಪ್ ಕೊಟ್ಟರೂ ಕೆಲವು ಮಕ್ಕಳು ನಮ್ಮನ್ನು ಸೋಲಿಸುತ್ತಾರೆ. ಆ ದಿನ ಪರೀಕ್ಷೆ ಆಗುವುದಿಲ್ಲ. ದಿನಗೂಲಿ ಬಿಟ್ಟು ಬಂದ ಅಪ್ಪ ಮುಂದಿನ ತಾರೀಕಿಗೆ ಬರುತ್ತಾನೆಂಬ ಭರವಸೆ ಏನು? ದೂರದ ಮಕ್ಕಳಿಗೆ ಬೆಳಗ್ಗಿನ ಬದಲು ಮಧ್ಯಾಹ್ನದ ನಿದ್ದೆಯ ಹೊತ್ತನ್ನೇ ಕೊಡುವುದು ದೊಡ್ಡ ಸುಧಾರಣೆಯೇನಲ್ಲ, ಆದರೆ ಅದರಿಂದ ಎಷ್ಟೋ ಪರೀಕ್ಷೆಗಳು ಒಂದೇ ಭೇಟಿಯಲ್ಲಿ ಮುಗಿಯುತ್ತವೆ.

ಹುಟ್ಟಿದ ಕೂಸಿಗೆ ಮಾಡುವ ಓಎಇ ಎಂಬ ಪರೀಕ್ಷೆ ಇವೆಲ್ಲಕ್ಕಿಂತ ಚಿಕ್ಕದು, ಎರಡು ನಿಮಿಷದ ಕೆಲಸ. ಆರೋಗ್ಯವಂತ ಒಳಗಿವಿ ಸದ್ದು ಕೇಳಿದಾಗ ತಾನೂ ಒಂದು ಅತಿ ಮೆಲ್ಲನೆಯ ಸದ್ದನ್ನು ಹಿಂದಕ್ಕೆ ಕಳುಹಿಸುತ್ತದೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟಾಗ ನಂಬದವರೇ ಹೆಚ್ಚು. ಇವತ್ತು ಅದರ ಯಂತ್ರ ಅಂಗೈಯಲ್ಲಿ ಹಿಡಿಸುತ್ತದೆ. ಮಗು ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ: ಜಗತ್ತಿನ ತಜ್ಞರು ಒಪ್ಪಿಕೊಂಡ ಗಡುವು ಇದು. ಆರು ತಿಂಗಳು ಎಂಬುದು ಬಾಯಿಗೆ ಬಂದ ಅಂಕಿಯಲ್ಲ. 1998ರಲ್ಲಿ ಅಮೆರಿಕದ ಕೊಲರಾಡೊದಿಂದ ಕ್ರಿಸ್ಟೀನ್ ಯೊಶಿನಾಗ-ಇಟಾನೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಎದ್ದು ಕಾಣುವಷ್ಟು ಮುಂದಿತ್ತು, ನಷ್ಟ ಅಲ್ಪವಿರಲಿ ತೀವ್ರವಿರಲಿ.

ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟುವ ಅನೇಕ ಶಿಶುಗಳಿಗೆ ಈ ತಪಾಸಣೆ ಆಗುತ್ತದೆ. ನಮ್ಮ ಸರಪಳಿ ತುಂಡಾಗುವುದು ಆಮೇಲೆ. ಮೊದಲ ದಿನ ಕಿವಿಯೊಳಗೆ ಹುಟ್ಟಿನ ಜಿಡ್ಡು ಉಳಿದಿದ್ದರೂ ಯಂತ್ರ ‘ರೆಫರ್’ ಎನ್ನುತ್ತದೆ. ಹಾಗೆಂದರೆ ಕಿವುಡು ಎಂದಲ್ಲ, ಮತ್ತೊಮ್ಮೆ ನೋಡಬೇಕು ಎಂದು. ಆದರೆ ಬಾಣಂತಿ ಅಷ್ಟರಲ್ಲಿ ಸುಳ್ಯದ ಅಮ್ಮನ ಮನೆಯಲ್ಲಿರುತ್ತಾಳೆ. ಬಾಣಂತನ ಮುಗಿಸಿ ಗಂಡನ ಮನೆಗೆ, ಅಲ್ಲಿಂದ ಮುಂಬಯಿಗೋ ದುಬೈಗೋ. ಮರುಪರೀಕ್ಷೆಯ ಚೀಟಿ ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲುಗಳ ನಡುವೆ ಭದ್ರವಾಗಿರುತ್ತದೆ. ಎರಡೂವರೆ ವರ್ಷದ ನಂತರ ಅದೇ ಚೀಲ ನಮ್ಮ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. ಆ ಚೀಟಿಯನ್ನು ಹೊರಗೆಳೆದು ತಾಯಿಗೆ ತೋರಿಸಬೇಕೋ ಬೇಡವೋ ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ಓಎಇ ಪಾಸಾದ ಮಗುವಿನ ಬಗ್ಗೆಯೂ ಎಚ್ಚರ ಬೇಕು. ಹುಟ್ಟಿದಾಗ ಕಾಮಾಲೆ ಏರಿ ರಕ್ತ ಬದಲಾಯಿಸಬೇಕಾಗಿ ಬಂದ, ಉಸಿರು ಸಿಗದೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ದಿನಗಟ್ಟಲೆ ಇದ್ದ ಮಕ್ಕಳಲ್ಲಿ ಕೆಲವರ ಒಳಗಿವಿ ಸರಿಯಿದ್ದು, ನರದ ದಾರಿಯಲ್ಲಿ ತೊಂದರೆ ಇರುತ್ತದೆ. ಓಎಇ ಪಾಸ್, ಬೇರಾದಲ್ಲಿ ಅಲೆಯೇ ಇಲ್ಲ. ಇಂಥ ಮಗುವಿಗೆ ಸದ್ದು ಬರುತ್ತದೆ, ಆದರೆ ಸ್ಟೇಷನ್ ಸರಿಯಾಗಿ ಸಿಗದ ರೇಡಿಯೊದಂತೆ ಚೂರುಚೂರಾಗಿ. ಹಾಗಾಗಿ ಎನ್‌ಐಸಿಯು ಮಕ್ಕಳಿಗೆ ಓಎಇ ಒಂದೇ ಸಾಲದು, ಬೇರಾ ಬೇಕು.

ಕಿವಿ ಆಮೇಲೂ ಕೆಡಬಹುದು. ಮೆದುಳುಜ್ವರ, ಗರ್ಭದಲ್ಲೇ ತಗಲುವ ಸಿಎಂವಿ ವೈರಸ್ಸಿನ ಸೋಂಕು ಕೇಳುವ ಶಕ್ತಿಯನ್ನು ತಡವಾಗಿ ಕಸಿಯಬಲ್ಲವು. ಮಂಗನಬಾವು ಒಂದು ಕಿವಿಯನ್ನಷ್ಟೇ ಕೆಡಿಸಿ ಸದ್ದಿಲ್ಲದೆ ಹೋಗಬಹುದು. ಗರ್ಭಿಣಿಗೆ ತಗಲಿ ಕೂಸಿನ ಕಿವಿ ಕೆಡಿಸುವ ರುಬೆಲ್ಲಾದ ಮಟ್ಟಿಗೆ ನಾವು ಸ್ವಲ್ಪ ಗೆದ್ದಿದ್ದೇವೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸೋದರಸಂಬಂಧದ ಮದುವೆಯ ವಿಷಯ ಸೂಕ್ಷ್ಮವಾದದ್ದು, ಆದರೆ ಮುಚ್ಚಿಡುವಂಥದ್ದಲ್ಲ. ಹುಟ್ಟುಕಿವುಡಿನ ವಂಶವಾಹಿ ದೋಷ ತಂದೆತಾಯಿ ಇಬ್ಬರಲ್ಲೂ ಅಡಗಿದ್ದರೆ ಮಗುವಿನಲ್ಲಿ ಹೊರಬರಬಹುದು, ರಕ್ತಸಂಬಂಧದಲ್ಲಿ ಆ ಸಾಧ್ಯತೆ ಹೆಚ್ಚು. ಅಂಥ ಮನೆಯಲ್ಲಿ ಎರಡನೆಯ ಕೂಸು ಹುಟ್ಟಿದ ವಾರವೇ ಪರೀಕ್ಷೆಯಾಗಬೇಕು.

ಇನ್ನೊಂದು, ಎಲ್ಲಕ್ಕಿಂತ ಸಾಮಾನ್ಯವಾದದ್ದು: ಕಿವಿಪರದೆಯ ಹಿಂದೆ ನೀರು ನಿಲ್ಲುವುದು. ಮಳೆಗಾಲದ ನೆಗಡಿ ಬಿಟ್ಟು ವಾರಗಳಾದರೂ ಆ ಅಂಟು ದ್ರವ ಅಲ್ಲೇ ಇರುತ್ತದೆ. ನೋವಿಲ್ಲ, ಸೋರುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆದರೆ ಮಗು 20ರಿಂದ 40 ಡೆಸಿಬೆಲಿನಷ್ಟು ಕೇಳುವ ಶಕ್ತಿ ಕಳೆದುಕೊಂಡಿರುತ್ತದೆ. ಟೀಚರ್ ತಿರುಗಿ ಬೋರ್ಡಿನ ಕಡೆ ಮುಖ ಮಾಡಿದರೆ ಪಾಠ ಮುಗಿಯಿತು. ಟಿಂಪನೊಮೆಟ್ರಿ ಎಂಬ ಒಂದು ನಿಮಿಷದ, ನೋವಿಲ್ಲದ ಪರೀಕ್ಷೆಯಲ್ಲಿ ಗೆರೆ ಏರದೆ ಚಪ್ಪಟೆಯಾಗಿ ಬಂದರೆ ಇದರ ಗುಟ್ಟು ರಟ್ಟಾಗುತ್ತದೆ.

ಈಗ ಕಾನೂನಿನ ಕಡೆ ಬನ್ನಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70ರ ನಡುವೆ ಇದ್ದರೆ ಮಂದಶ್ರವಣ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ 20 ಡೆಸಿಬೆಲಿನಿಂದಲೇ ಶ್ರವಣ ನಷ್ಟವನ್ನು ಲೆಕ್ಕ ಹಿಡಿಯುತ್ತದೆ. 20ಕ್ಕೂ 60ಕ್ಕೂ ನಡುವೆ ಬೀಳುವ ಮಗುವಿಗೆ ಕಾರ್ಡಿಲ್ಲ, ಭತ್ಯೆಯಿಲ್ಲ. ಶಾಲೆಯಲ್ಲಿ ‘ದಡ್ಡ’ ಎಂಬ ಹೆಸರು ಮಾತ್ರ ಇದೆ. ಪಿಂಚಣಿ ಹಂಚಲು ಕಾಯ್ದೆಯ ಅಂಕಿ ಸರಿಯಿರಬಹುದು. ಯಾವ ಮಗುವಿಗೆ ನೆರವು ಬೇಕು ಎಂದು ತೀರ್ಮಾನಿಸಲು ಅದು ಕೆಟ್ಟ ಅಳತೆಗೋಲು.

ಬೇರೆ ತೊಂದರೆ ಇರುವ ಮಕ್ಕಳ ಕಿವಿಯನ್ನು ನಾವು ಮರೆತೇಬಿಡುತ್ತೇವೆ. ಕರೆದರೆ ನೋಡದ ಮಗುವಿಗೆ ಆಟಿಸಂ ಎಂದು ಹೆಸರಿಟ್ಟ ಮೇಲೆ, ‘ಹೌದೇ, ಅದಕ್ಕೆ ಕೇಳುತ್ತಿದೆಯೇ?’ ಎಂದು ಕೇಳುವವರಿಲ್ಲ. ಎರಡೂ ಒಟ್ಟಿಗೆ ಇರಬಹುದು. ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಪೀಡಿತರಿಗಾಗಿ ಇರುವ ಪಾಲನಾ ಕೇಂದ್ರದಂಥ ಕಡೆ ಇರುವ ಬಹುವೈಕಲ್ಯದ ಮಕ್ಕಳನ್ನು ನೆನೆಯಿರಿ. ಕೈಕಾಲು, ಫಿಟ್ಸು, ಊಟ, ಇಷ್ಟರಲ್ಲೇ ತಾಯಿಯ ದಿನ ಮುಗಿಯುತ್ತದೆ. ಅಂಥ ಮಗು ಸಹಕರಿಸುವುದಿಲ್ಲ ಎಂದು ಕಿವಿ ಪರೀಕ್ಷೆ ಬಿಡುವುದಕ್ಕೆ ಈಗ ನೆಪವಿಲ್ಲ. ಬೇರಾಕ್ಕೆ ಮಗುವಿನ ಸಹಕಾರ ಬೇಡ, ನಿದ್ದೆ ಸಾಕು.

ಭಾಷೆಯ ಒಂದು ತೊಡಕು ನಮ್ಮ ಕೋಣೆಯೊಳಗೂ ಇದೆ. ಚಿತ್ರ ತೋರಿಸಿ ‘ಬೆಕ್ಕು ಎಲ್ಲಿ?’ ಎಂದು ಮೆಲ್ಲನೆ ಕೇಳುವ ಪರೀಕ್ಷೆಯಲ್ಲಿ, ಮನೆಯಲ್ಲಿ ಪುಚ್ಚೆಯನ್ನೇ ಕಂಡ ತುಳು ಮಗು ಸುಮ್ಮನಿರುತ್ತದೆ. ಅದು ಕೇಳದ ಮೌನವಲ್ಲ. ಕನ್ನಡದ ಪದಪಟ್ಟಿಗಳನ್ನು ಮೈಸೂರಿನಲ್ಲಿ ಎಚ್ಚರಿಕೆಯಿಂದ ರೂಪಿಸಿದ್ದಾರೆ. ತುಳು, ಬ್ಯಾರಿ, ಕೊಂಕಣಿ ಮಕ್ಕಳಿಗೆ ಪರೀಕ್ಷೆಗೆ ಮುಂಚೆ ಮನೆಯ ಮಾತಿನ ಪದಗಳನ್ನು ಅಮ್ಮನಿಂದಲೇ ಕೇಳಿ ಬರೆದುಕೊಳ್ಳುವುದು ನಮ್ಮ ಹೊಣೆ.

ಮೈಸೂರು ಎಂದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿ ಶುರುವಾದದ್ದು 1965ರಲ್ಲಿ. ಅದರ ನಿರ್ದೇಶಕರಾಗಿದ್ದ ನ. ರತ್ನ ಅವರನ್ನು ಸಾಹಿತ್ಯ ಬಲ್ಲವರು ‘ಎಲ್ಲಿಗೆ’ಯಂಥ ಅಸಂಗತ ನಾಟಕ ಬರೆದವರೆಂದು ಗುರುತಿಸುತ್ತಾರೆ, ನಮ್ಮ ವೃತ್ತಿಯವರು ಗುರುವೆಂದು. ಆ ಕಾಲದಲ್ಲಿ ಕರಾವಳಿಯ ತಾಯಂದಿರು ಮಡಿಕೇರಿ ಘಾಟಿ ಹತ್ತಿ ಮೈಸೂರಿಗೇ ಹೋಗಬೇಕಿತ್ತು. ಈಗ ಮಂಗಳೂರಿನಲ್ಲೇ ಕೆ.ಎಂ.ಸಿ., ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ ಕಾಲೇಜು, ದೇರಳಕಟ್ಟೆಯ ನಿಟ್ಟೆ ಹೀಗೆ ವಾಕ್ ಶ್ರವಣ ಪದವಿ ಕಲಿಸುವ ಸಂಸ್ಥೆಗಳು ಹಲವು. ಇಷ್ಟೆಲ್ಲ ಕೈಗೆಟುಕುವ ಊರಿನಲ್ಲಿ ಮಗು ಮೊದಲ ಪರೀಕ್ಷೆಗೆ ಬರುವುದು ಮೂರನೆಯ ಹುಟ್ಟುಹಬ್ಬ ಕಳೆದ ಮೇಲೆ ಎಂದರೆ, ಕೊರತೆ ಯಂತ್ರದ್ದಲ್ಲ.

ತಡವಾದರೆ ಹಣದ ಬಾಗಿಲೂ ಮುಚ್ಚುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಇರಿಸುವ ಕಾಕ್ಲಿಯರ್ ಇಂಪ್ಲಾಂಟಿಗೆ ಕೇಂದ್ರದ ಅಡಿಪ್ ಯೋಜನೆ ಇದೆ, ರಾಜ್ಯದ ಶ್ರವಣ ಸಂಜೀವಿನಿ ಇದೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮನೆಗಳಿಗೆ 2012ರಿಂದ ಕೇರಳದ ಶ್ರುತಿತರಂಗಂ ಇದೆ. ಹುಟ್ಟುಕಿವುಡಿನ ಮಕ್ಕಳಿಗೆ ಇವೆಲ್ಲದರಲ್ಲೂ ಐದಾರು ವರ್ಷದ ಗಡಿ ಉಂಟು. ಕಾಸರಗೋಡಿನವರ ಪಾಡು ಇನ್ನೂ ಸಿಕ್ಕು: ಆಸ್ಪತ್ರೆ ಮಂಗಳೂರಿನದು, ಯೋಜನೆ ತಿರುವನಂತಪುರದ್ದು. 2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ತಲಪಾಡಿಯ ಗಡಿ ಮುಚ್ಚಿದಾಗ ಆ ಕಡೆಯ ಮಕ್ಕಳ ಥೆರಪಿಯೂ ನಿಂತುಹೋಯಿತು.

ಪರೀಕ್ಷೆಯಾದ ಮೇಲಿನ ದಾರಿ ಇನ್ನೊಂದು ಉಪನ್ಯಾಸಕ್ಕಾಗುವಷ್ಟು ಉದ್ದ. ಒಂದೆರಡು ಮಾತು ಮಾತ್ರ. ಕಿವಿಗೆ ಮೆಷಿನ್ ಹಾಕಿದ ದಿನವೇ ಮಾತು ಬರುವುದಿಲ್ಲ. ಮಗು ಬೆಳೆದ ಹಾಗೆ ಕಿವಿಯಲ್ಲಿ ಕೂರುವ ಅಚ್ಚು ಬದಲಾಯಿಸಬೇಕು, ಇಲ್ಲದಿದ್ದರೆ ಕುಂಯ್‌ಗುಟ್ಟುತ್ತದೆ. ನಮ್ಮ ಊರಿನ ಬೆವರು, ಜೂನಿನ ತೇವ ಮೆಷಿನ್ನಿಗೆ ಶತ್ರು. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ದಿನವೂ ಬೆಳಿಗ್ಗೆ ಮಗುವಿನ ಹಿಂದೆ ನಿಂತು ‘ಆ, ಈ, ಊ, ಮ್, ಶ್, ಸ್’ ಎಂದು ಒಂದೊಂದಾಗಿ ಹೇಳಿ, ಎಲ್ಲವೂ ಕೇಳುತ್ತಿದೆಯೇ ನೋಡಿ. ಡೇನಿಯಲ್ ಲಿಂಗ್ ಎಂಬವರು ರೂಪಿಸಿದ ಈ ಆರು ಸದ್ದಿನ ಪರೀಕ್ಷೆಗೆ ದುಡ್ಡು ಬೇಡ, ಕರೆಂಟು ಬೇಡ. ಮೈಸೂರಿನಲ್ಲಿ ಕಿವುಡು ಮಕ್ಕಳ ಪಾಲಕರ ಸಂಘ ನಡೆಸುವ ಶಾಲೆಯಲ್ಲಿ ಮಗುವಿನ ಪಕ್ಕದಲ್ಲಿ ತಾಯಿಯೂ ವಿದ್ಯಾರ್ಥಿನಿಯಾಗಿ ಕೂರುತ್ತಾಳೆ. ಕಲಿಸುವವರು ನಾವಲ್ಲ, ಅವಳು ಎಂಬುದನ್ನು ಒಪ್ಪಿಕೊಂಡ ಶಾಲೆ ಅದು.

ಸಭೆಯಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಇದ್ದೀರಿ. ನವಜಾತ ಶಿಶುವಿನ ಓಎಇ ಫಲಿತಾಂಶವನ್ನು ತಾಯಿ ಕಾರ್ಡಿನ ಮೇಲೇ, ಲಸಿಕೆಯ ತಾರೀಕಿನ ಪಕ್ಕದಲ್ಲಿ ಬರೆಯಿಸಿಕೊಳ್ಳಿ. ಚೀಟಿ ಕಳೆದುಹೋಗುತ್ತದೆ, ಕಾರ್ಡು ಊರಿಂದೂರಿಗೆ ಹೋಗುತ್ತದೆ. ‘ರೆಫರ್’ ಎಂದಿದ್ದರೆ ಒಂದೂವರೆ ತಿಂಗಳಿನ ಲಸಿಕೆಯ ದಿನವೇ ಮರುಪರೀಕ್ಷೆ ಆಯಿತೇ ಎಂದು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಅಂಗನವಾಡಿಗೆ, ಶಾಲೆಗೆ ಬಂದಾಗ ಮಾತು ಕಡಿಮೆ ಇರುವ ಮಗುವನ್ನು ಹೆಸರು ಹಿಡಿದು ಮುಂದೆ ನಿಲ್ಲಿಸಿ. ಅವರ ಮೂಲಕ ಹೋದರೆ 18 ವರ್ಷದವರೆಗೆ ಪರೀಕ್ಷೆಗೂ ಚಿಕಿತ್ಸೆಗೂ ಖರ್ಚಿಲ್ಲ. ಉಳಿದವರಲ್ಲಿ ನನ್ನ ವಿನಂತಿ ಇಷ್ಟು: ನೆಂಟರಿಷ್ಟರಲ್ಲಿ ಎರಡು ವರ್ಷವಾದರೂ ಎರಡು ಪದ ಸೇರಿಸದ ಮಗು ಇದೆಯೆಂದು ಕೇಳಿದರೆ, ಸಮಾಧಾನ ಹೇಳಬೇಡಿ, ಕಿವಿ ಪರೀಕ್ಷೆಯ ರಿಪೋರ್ಟ್ ಎಲ್ಲಿ ಎಂದು ಕೇಳಿ. ರಿಪೋರ್ಟ್ ಇಲ್ಲದಿದ್ದರೆ ಆ ವಾರವೇ ಕಳುಹಿಸಿಕೊಡಿ.